ಕೊಲ್ಲಿ ದಾಟಿಸುವ ಕೆಲಸ

ಫೆರಿಯಲ್ಲಿ ಕೆಲಸ ಸಿಕ್ಕಿದೆ ಎಂದು ಹೇಳಿದಾಗ ನಮ್ಮ ಯಜಮಾನರು ಅದನ್ನು ಟಿಕೆಟ್ ಕೌಂಟರಿನ ಕೆಲಸ ಎಂದುಕೊಂಡರು. ಊಟಕ್ಕೆ ಕೂತಿದ್ದರು.

"ಟಿಕೆಟ್ ಅಲ್ಲ, ಹಗ್ಗ ಎಸೆಯೋ ಕೆಲಸ" ಅಂದೆ.

"ಯಾವ ಹಗ್ಗ?"

"ದೋಣಿ ಕಟ್ಟೋ ಹಗ್ಗ."

ತಟ್ಟೆಯಿಂದ ಕೈ ತೆಗೆದು ನನ್ನ ಮುಖ ನೋಡಿದರು. "ನಿಂಗೆ ಈಜೇ ಬರಲ್ವಲ್ಲ ಜಯಾ" ಅಂದರು.

ಅದು ನಿಜವೇ. ಮಂಡ್ಯದ ನಾಲೆಯ ಪಕ್ಕದಲ್ಲೇ ಬೆಳೆದರೂ ಹೆಣ್ಣುಮಕ್ಕಳನ್ನು ನಮ್ಮ ಮನೆಯಲ್ಲಿ ನೀರಿಗೆ ಇಳಿಸುತ್ತಿರಲಿಲ್ಲ. ಮದುವೆಯಾಗಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಈ ದಡಕ್ಕೆ ಬಂದಿದ್ದೆ. ಯಜಮಾನರು ಫ್ರೀಮಾಂಟಿನಲ್ಲಿ ಎಂಜಿನಿಯರು, ಮಗಳು ಸ್ಕೂಲಿಗೆ ಹೋಗುತ್ತಿದ್ದಳು. ನಾನು ಒಂದು ಗ್ರಾಸರಿ ಅಂಗಡಿಯಲ್ಲಿ ಬಿಲ್ಲು ಹಾಕುತ್ತಿದ್ದೆ. ಒಂದು ಸಲ ಆಲಮೀಡಾದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದೋಣಿಯಲ್ಲಿ ಹೋದಾಗ, ನನ್ನಷ್ಟೇ ಎತ್ತರದ ಹೆಂಗಸೊಬ್ಬಳು ದಪ್ಪ ಹಗ್ಗವನ್ನು ಬೀಸಿ ದಡದ ಗೂಟಕ್ಕೆ ಸಿಕ್ಕಿಸಿ, ಮಾರ್ಕೆಟ್ಟಿಗೆ ಚೀಲ ತಗಲಿಸಿಕೊಂಡು ಹೊರಟವಳ ಹಾಗೆ ಆರಾಮಾಗಿ ನಿಂತದ್ದನ್ನು ನೋಡಿದೆ. ಅವಳನ್ನೇ ಕೇಳಿ ಅರ್ಜಿ ಹಾಕಿದೆ. ಕೆಲಸ ಸಿಕ್ಕ ಮೇಲೆ ಊರಿನ ಈಜುಕೊಳದಲ್ಲಿ, ಸೊಂಟದವರೆಗೆ ಬರುವ ಪುಟ್ಟ ಮಕ್ಕಳ ಜೊತೆ ಕಾಲು ಬಡಿಯುವುದನ್ನು ಕಲಿತೆ. ಮಗಳು ದಂಡೆಯ ಮೇಲೆ ಕೂತು, "ಅಮ್ಮಾ, ಕಿಕ್ ಫ್ರಮ್ ಯುವರ್ ಹಿಪ್ಸ್" ಎಂದು ಹೇಳಿಕೊಡುತ್ತಿದ್ದಳು.

ಇದನ್ನೆಲ್ಲ ಈಗ ಬರೆಯುವುದಕ್ಕೆ ಕಾರಣ ಇದೆ. ಮೊನ್ನೆ ಕನ್ನಡ ಕೂಟದ ಪಿಕ್ನಿಕ್ಕಿನಲ್ಲಿ ಇಬ್ಬರು ಯುವತಿಯರು ಬಂದು, ತಾವು ಡೆಕ್ಕಿನ ಕೆಲಸಕ್ಕೆ ಸೇರುತ್ತಿದ್ದೇವೆ ಎಂದರು. ಒಬ್ಬಳು ನೆವಾರ್ಕಿನಲ್ಲಿ ಕಾರಿನ ಕಂಪನಿಯ ಕೆಲಸ ಬಿಟ್ಟವಳು. ಅವರು ಇಂಗ್ಲಿಷಿನಲ್ಲಿ ಕೇಳಿದರು, ನಾನು ಕನ್ನಡದಲ್ಲಿ ಹೇಳಿದೆ. ಅರ್ಧ ಹೇಳುವಷ್ಟರಲ್ಲಿ ಊಟಕ್ಕೆ ಕರೆದರು. ಉಳಿದ ಅರ್ಧ ಇಲ್ಲಿದೆ. ಓದಲು ಕಷ್ಟವಾದರೆ ಅವರ ಅಮ್ಮಂದಿರು ಓದಿ ಹೇಳಲಿ.

ಮೊದಲು ತಿಳಿದಿರಬೇಕಾದದ್ದು, ಈ ಕೆಲಸದಲ್ಲಿ ಸಮುದ್ರಕ್ಕಿಂತ ಕಕ್ಕಸ್ಸನ್ನು ಹೆಚ್ಚು ನೋಡುತ್ತೀರಿ. ಅಲೆ ಎದ್ದ ಮಧ್ಯಾಹ್ನ ಯಾರಾದರೂ ವಾಂತಿ ಮಾಡಿದರೆ ಬಕೆಟ್ಟು ಹಿಡಿಯುವವರು ನೀವೇ. ಸೈಕಲ್ಲುಗಳನ್ನು ಒಂದರ ಮೇಲೊಂದು ಬೀಳದ ಹಾಗೆ ನಿಲ್ಲಿಸಬೇಕು. ಮರೆತುಹೋದ ಕೊಡೆ, ಲ್ಯಾಪ್‌ಟಾಪು, ಒಮ್ಮೆ ಕಟ್ಟಿದ ಹಲ್ಲಿನ ಸೆಟ್ಟು, ಎಲ್ಲವನ್ನೂ ಎತ್ತಿಡಬೇಕು. ಇಷ್ಟರ ನಡುವೆ ದೋಣಿ ದಡಕ್ಕೆ ಬಂದಾಗ ಹಗ್ಗ ಗುರಿ ತಪ್ಪಬಾರದು. ನನ್ನದು ಮೊದಲ ವಾರ ತಪ್ಪಿತು. ಹಗ್ಗ ನೀರಿಗೆ ಬಿತ್ತು, ಗಾಳಿಗೆ ದೋಣಿ ದಡ ಬಿಟ್ಟು ಸರಿಯಿತು, ಕ್ಯಾಪ್ಟನ್ ಮತ್ತೆ ಒಂದು ಸುತ್ತು ಹಾಕಿಕೊಂಡು ಬರಬೇಕಾಯಿತು. ಎರಡನೆಯ ಸಲ ಸಿಕ್ಕಿಸಿದಾಗ ಬಾಗಿಲಲ್ಲಿ ಕಾದು ನಿಂತ ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಗಿಂತ ಬೈದಿದ್ದರೆ ಚೆನ್ನಾಗಿತ್ತು.

ಆ ಕ್ಯಾಪ್ಟನ್ ಹೆಸರು ರೇ ಒಲಿವೇರಾ. ನನಗೆ ಕೆಲಸ ಕಲಿಸಿದವರು. ಕುಳ್ಳಗೆ, ಗಡುಸು ಧ್ವನಿಯವರು. ಇಳಿದು ಬಂದು ಬೈಯುತ್ತಾರೆ ಎಂದು ನಾನು ಕಾಯುತ್ತಿದ್ದರೆ, ಅವರು ಒದ್ದೆ ಹಗ್ಗವನ್ನು ನನ್ನ ಕೈಗೆ ಕೊಟ್ಟು, "ಗೂಟ ನೋಡಿ ಎಸೆದೆ. ಗೂಟದ ಆಚೆ ನೋಡಿ ಎಸಿ" ಎಂದು ಇಂಗ್ಲಿಷಿನಲ್ಲಿ ಹೇಳಿ ಮೇಲೆ ಹೋದರು. ನನ್ನ ಹೆಸರನ್ನು 'ಜೇ' ಎಂದು ಕತ್ತರಿಸಿದವರೂ ಅವರೇ. ಅಂಗಿಯ ಮೇಲೆ ಅದೇ ಉಳಿಯಿತು. ನನ್ನನ್ನು ಕೆಲವರು ಮೆಕ್ಸಿಕೋದವಳು ಎಂದುಕೊಂಡರು, ಕೆಲವರು ಫಿಲಿಪೀನ್ಸಿನವಳು ಎಂದುಕೊಂಡರು. ನಾನೂ ತಿದ್ದಲು ಹೋಗಲಿಲ್ಲ.

ಒಲಿವೇರಾ ಅವರ ಅಜ್ಜ ಹಿಂದಿನ ಆವಿಯ ಫೆರಿಗಳಲ್ಲಿ ಎಂಜಿನ್ ಕೋಣೆಯ ಕೆಲಸಗಾರ. ಆ ಕಾಲದಲ್ಲಿ ಈ ಕೊಲ್ಲಿಯ ಮೇಲೆ ದೊಡ್ಡ ದೊಡ್ಡ ಸ್ಟೀಮರುಗಳು ಓಡಾಡುತ್ತಿದ್ದವಂತೆ. ಕೆಲವು ಇಲ್ಲಿಂದ ಹೊರಟು ನದಿ ಹಿಡಿದು ಸ್ಯಾಕ್ರಮೆಂಟೋವರೆಗೆ ಹೋಗುತ್ತಿದ್ದವಂತೆ. ಸೇತುವೆಗಳು ಬಂದ ಮೇಲೆ ಜನ ಕಾರು ಹತ್ತಿದರು, ಸ್ಟೀಮರುಗಳು ಒಂದೊಂದಾಗಿ ನಿಂತವು. ಒಲಿವೇರಾ ಅವರ ಅಜ್ಜ ಕೊನೆಗೆ ಅದೇ ಸೇತುವೆಯ ಮೇಲೆ ಬಸ್ಸು ಓಡಿಸಿದರು. ಎಷ್ಟೋ ವರ್ಷಗಳ ನಂತರ ಭೂಕಂಪದಲ್ಲಿ ಸೇತುವೆಯ ಒಂದು ತುಂಡು ಕುಸಿದಾಗ, ದಾರಿ ಕಾಣದೆ ದೋಣಿಗಳನ್ನು ಮತ್ತೆ ಇಳಿಸಿದರು. ಸೇತುವೆ ರಿಪೇರಿಯಾದರೂ ಜನ ಕೆಲವರು ದೋಣಿಯಲ್ಲೇ ಉಳಿದರು. ಮೊದಲು ಒಂದೊಂದು ಊರಿನ ಆಡಳಿತ ತನ್ನ ತನ್ನ ಫೆರಿ ನಡೆಸುತ್ತಿತ್ತು. ಆಮೇಲೆ ಎಲ್ಲ ಸೇರಿ ಒಂದು ಸರ್ಕಾರಿ ಸಂಸ್ಥೆಯಾಯಿತು. ಒಲಿವೇರಾ ಹೇಳುತ್ತಿದ್ದರು: "ಸೇತುವೆ ಸರಿಯಾಗಿರೋ ತನಕ ನಮ್ಮನ್ನ ಯಾರೂ ವಿಚಾರಿಸಲ್ಲ. ಅದು ಕೆಟ್ಟ ದಿನ ನೋಡು, ಎಲ್ಲರಿಗೂ ನಾವು ನೆಂಟರು."

ಅಂಥ ದಿನವನ್ನು ನಾನೂ ಕಂಡೆ. ರೈಲಿನವರು ಮುಷ್ಕರ ಹೂಡಿದ್ದರು. ಬೆಳಿಗ್ಗೆ ಓಕ್‌ಲೆಂಡ್ ದಡದಲ್ಲಿ ಸಾಲು ಬೀದಿ ದಾಟಿ ಮುಂದಿನ ತಿರುವಿನವರೆಗೆ ಬೆಳೆದಿತ್ತು. ದೋಣಿಗೆ ಇಷ್ಟೇ ಜನ ಎಂಬ ಮಿತಿ ಇದೆ, ಅದರ ಮೇಲೆ ಒಂದು ತಲೆಯನ್ನೂ ಹತ್ತಿಸುವ ಹಾಗಿಲ್ಲ. ಮಿತಿ ಮುಗಿಯಿತು, ನಾನು ಗೇಟು ಎಳೆದೆ. ಎಳೆದಾಗ ಗಂಡ ಒಳಗೆ, ಹೆಂಡತಿ ಹೊರಗೆ. ಆಕೆಯ ಕೈಯಲ್ಲಿ ಮಗು. ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯಲ್ಲಿ ಮಗುವಿಗೆ ಅಪಾಯಿಂಟ್‌ಮೆಂಟು. ಗಂಡ ಬೈಯತೊಡಗಿದ. ಹಿಂದಿನವರೂ ದನಿಗೂಡಿಸಿದರು. ನಾನು ಗೇಟು ಬಿಡುವುದೋ ಹಿಡಿಯುವುದೋ ತಿಳಿಯದೆ ನಿಂತಿದ್ದೆ.

ಒಲಿವೇರಾ ಮೇಲಿಂದ ಇಳಿದು ಬಂದು ನನ್ನ ಮುಂದೆ ನಿಂತರು. ಬೈಗುಳವನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ಒಳಗಿನ ಜನರ ಕಡೆ ತಿರುಗಿ, "ಮಗು ಆಸ್ಪತ್ರೆಗೆ ಹೋಗಬೇಕು. ಯಾರಾದರೂ ಇಬ್ಬರು ಇಳಿದರೆ ತಾಯಿ ಮಗು ಹತ್ತಬಹುದು. ಲೆಕ್ಕದಲ್ಲಿ ಮಗುವೂ ಒಂದು ತಲೆ" ಎಂದರು. ಆಮೇಲೆ ಟೈ ಕಟ್ಟಿದ ಒಬ್ಬ ಮುದುಕ, ಅವನ ಹಿಂದೆ ಕಾಲೇಜಿನ ಹುಡುಗಿ, ಇಳಿದರು.

ದೋಣಿ ಹೊರಟ ಮೇಲೆ ಒಲಿವೇರಾ ನನಗೆ ಹೇಳಿದ್ದು: "ಗೇಟು ಹಾಕೋದು ನಿನ್ನ ಕೆಲಸ. ಬೈಸಿಕೊಳ್ಳೋದು ನನ್ನ ಕೆಲಸ. ಎರಡನ್ನೂ ನೀನೇ ಮಾಡೋಕೆ ಹೋಗಬೇಡ." ಮುಂದೆ ಪರೀಕ್ಷೆ ಪಾಸು ಮಾಡಿ ನಾನೇ ಕ್ಯಾಪ್ಟನ್ ಆಗಿ ಚುಕ್ಕಾಣಿಗೆ ಹೋದಾಗಲೂ ಅದನ್ನೇ ಪಾಲಿಸಿದೆ. ನೀವು ಯಾವ ಕ್ಯಾಪ್ಟನ್ ಕೆಳಗೆ ಕೆಲಸ ಮಾಡಿದರೂ ಇದೊಂದನ್ನು ಗಮನಿಸಿ. ಗಲಾಟೆಯ ಹೊತ್ತಿನಲ್ಲಿ ಅವರು ಇಳಿದು ಬರುತ್ತಾರೋ, ಮೇಲೆಯೇ ಕೂರುತ್ತಾರೋ.

ಕೆಲಸದ ರೀತಿ ನನ್ನ ಕಣ್ಣೆದುರೇ ಬದಲಾಯಿತು. ನಾನು ಕಲಿಯುವಾಗ ಕಾಗದದ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಪೆನ್ಸಿಲ್ ಹಿಡಿದು ಹೇಳಿಕೊಡುತ್ತಿದ್ದರು. ಆಮೇಲೆ ನಕ್ಷೆ ಪರದೆಗೆ ಬಂತು, ದೊಡ್ಡ ಹಡಗುಗಳ ಹೆಸರು, ವೇಗ ಎಲ್ಲ ಅದರಲ್ಲೇ ಕಾಣತೊಡಗಿತು. ಎಂಜಿನ್ನಿನ ಸದ್ದು ಕಡಿಮೆಯಾಯಿತು. ಈಗ ಬ್ಯಾಟರಿಯ ದೋಣಿಗಳ ಮಾತು ನಡೆದಿದೆ. ಹೊಸದನ್ನು ಹಳಿಯುವವಳು ನಾನಲ್ಲ. ರಾಡಾರು ಇಲ್ಲದ ಕಾಲದಲ್ಲಿ ಮಂಜಿನೊಳಗೆ ಹೋಗುತ್ತಿದ್ದವರನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆದರೆ ಪರದೆ ತೋರಿಸಿದ್ದನ್ನು ಏನೆಂದು ತಿಳಿಯಬೇಕು ಎಂಬುದನ್ನು ಪರದೆ ಹೇಳುವುದಿಲ್ಲ.

ಒಂದು ಚಳಿಗಾಲದ ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ನಮ್ಮ ದೋಣಿಯ ಮೂತಿಯೇ ನಮಗೆ ಕಾಣುತ್ತಿರಲಿಲ್ಲ. ಸೇತುವೆಯ ಕಂಬಗಳ ಈಚೆ ರಾಡಾರಿನಲ್ಲಿ ಒಂದು ಸಣ್ಣ ಚುಕ್ಕೆ ಮೂಡಿತು. ಮರದ ದಿಮ್ಮಿ ಇರಬಹುದು, ಹಕ್ಕಿಗಳ ಹಿಂಡು ಇರಬಹುದು, ಹುಟ್ಟು ಹಾಕುತ್ತ ಬಂದ ಒಬ್ಬ ಮನುಷ್ಯನೂ ಇರಬಹುದು. ನಾನು ವೇಗ ಇಳಿಸಿದೆ. ಹಾರ್ನು ಹಾಕಿ, ಕಿವಿಗೊಟ್ಟು, ತೆವಳಿದ ಹಾಗೆ ಹೋದೆ. ಚುಕ್ಕೆ ಒಮ್ಮೆ ಇತ್ತು, ಒಮ್ಮೆ ಇರಲಿಲ್ಲ. ಕೊನೆಗೆ ಮಾಯವಾಯಿತು. ದಡ ಸೇರುವಾಗ ಬಹಳ ತಡವಾಗಿತ್ತು. ಮೀಟಿಂಗು ತಪ್ಪಿದವರು ದೂರು ಕೊಟ್ಟರು. ಆಗಿನ ಮ್ಯಾನೇಜರು ನನ್ನನ್ನು ಕರೆಸಿದರು.

"ಅಲ್ಲಿ ಏನಿತ್ತು?"

"ಗೊತ್ತಿಲ್ಲ."

"ಅಂದರೆ ಏನೂ ಇರಲಿಲ್ಲ."

"ಹಾಗೆ ಹೇಳೋಕಾಗಲ್ಲ. ನನಗೆ ಕಾಣಲಿಲ್ಲ ಅಷ್ಟೆ."

ಅವರು ಕೆಟ್ಟವರಲ್ಲ. ಅವರ ಮೇಲಿನವರು ಅವರನ್ನು ಕೇಳುತ್ತಿದ್ದರು. ಆದರೂ ಆ ದಿನ ಅವರ ಕೋಣೆಯಿಂದ ಹೊರಬಂದಾಗ ನನಗೆ ಅಳು ಬಂತು. ಅಷ್ಟು ಹೊತ್ತಿಗೆ ಒಲಿವೇರಾ ನಿವೃತ್ತರಾಗಿದ್ದರು. ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಕೇಳಿ, "ನಾಳೆ ಮತ್ತೆ ಅದೇ ಚುಕ್ಕೆ ಕಂಡರೆ ಏನು ಮಾಡ್ತೀಯ?" ಅಂದರು.

"ನಿಧಾನ ಮಾಡ್ತೀನಿ."

"ಮತ್ತೆ ನನಗೆ ಯಾಕೆ ಫೋನ್ ಮಾಡಿದೆ?"

ಆ ಚುಕ್ಕೆ ಏನಾಗಿತ್ತು ಎಂದು ನನಗೆ ಇವತ್ತಿಗೂ ತಿಳಿಯದು. ಅಲ್ಲಿ ಒಬ್ಬ ಮನುಷ್ಯ ಇದ್ದ, ನಾನು ಅವನ ಜೀವ ಉಳಿಸಿದೆ ಎಂದು ಕಥೆ ಮುಗಿಸಬಹುದಿತ್ತು. ಹಾಗೆ ಆಗಲಿಲ್ಲ. ಈ ಕೆಲಸದಲ್ಲಿ ಮಾಡಿದ್ದು ಸರಿ ಎಂದು ಯಾರೂ ಬಂದು ಹೇಳದ ದಿನಗಳೇ ಹೆಚ್ಚು.

ಆಮೇಲೆ ಕೊರೋನಾ ಬಂತು. ಅಷ್ಟೂ ಕುರ್ಚಿಗಳನ್ನು ಒರೆಸಿ, ಮಾಸ್ಕು ಹಾಕಿಕೊಂಡು, ಇಬ್ಬರು ಮೂವರು ನರ್ಸುಗಳನ್ನು ಕೂರಿಸಿಕೊಂಡು ಕೊಲ್ಲಿ ದಾಟಿದೆವು. ಖಾಲಿ ದೋಣಿ ಅಲೆಯ ಮೇಲೆ ಬೇರೆ ಥರ ಕುಣಿಯುತ್ತದೆ. ಮತ್ತೆ ಜನ ಬಂದರು, ಆದರೆ ವಾರವಿಡೀ ಬರುವವರು ಕಡಿಮೆ. ಮನೆಯಿಂದಲೇ ಕೆಲಸ ಮಾಡುವುದನ್ನು ಕಲಿತಿದ್ದರು. ಆ ಹೊತ್ತಿಗೆ ನಾನು ಹೆಚ್ಚಾಗಿ ಸೌತ್ ಸ್ಯಾನ್ ಫ್ರಾನ್ಸಿಸ್ಕೋ ದಾರಿಯಲ್ಲಿದ್ದೆ. ಬೆಳಿಗ್ಗೆ ಈ ದಡದಿಂದ ಅಲ್ಲಿನ ಬಯೋಟೆಕ್ ಲ್ಯಾಬುಗಳಿಗೆ ಹೋಗುವವರು, ಸಂಜೆ ಅವರೇ ವಾಪಸ್ಸು. ಮುಖಗಳೆಲ್ಲ ಗುರುತು. ಈಗ ಹೇಳುವುದು ಆ ದಾರಿಯಲ್ಲಿ ನಡೆದದ್ದು. ಇದು ಯಾರ ಕಥೆಯೋ ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ಎಡಗಡೆಯ ಕಿಟಕಿ ಪಕ್ಕ ಒಬ್ಬರು ಕೂರುತ್ತಿದ್ದರು. ನಲವತ್ತು ದಾಟಿದ ಮನುಷ್ಯ, ಕಪ್ಪು ಜಾಕೆಟ್ಟು, ಊಟದ ಚೀಲ. ಇಳಿಯುವಾಗ ತಲೆಯಾಡಿಸಿ ಥ್ಯಾಂಕ್ಸ್ ಎನ್ನುವರು. ಇಂಡಿಯಾದವರು ಎಂದು ಗೊತ್ತಿತ್ತು, ಅದಕ್ಕಿಂತ ಹೆಚ್ಚು ನಾನು ಯೋಚಿಸಿರಲಿಲ್ಲ. ಕೆಲವು ದಿನ ಕಾಣಲಿಲ್ಲ. ಆಗ ಲ್ಯಾಬುಗಳಲ್ಲಿ ಜನರನ್ನು ತೆಗೆಯುತ್ತಿದ್ದ ಸುದ್ದಿ ಇತ್ತು. ಒಂದು ಮಧ್ಯಾಹ್ನ ಮತ್ತೆ ಬಂದು ಹತ್ತಿದರು. ಊಟದ ಚೀಲ ಇರಲಿಲ್ಲ.

ಅರ್ಧ ದಾರಿ ಕಳೆದಿತ್ತು. ಪಶ್ಚಿಮದ ಗಾಳಿ ಜೋರಾಗಿ ಬೀಸುತ್ತಿತ್ತು. ಡೆಕ್ಕಿನಿಂದ ಟೀನೊ ರೇಡಿಯೋದಲ್ಲಿ ಕೂಗಿದ: "ಕ್ಯಾಪ್, ಒಬ್ಬರು ನೀರಲ್ಲಿ. ಬಲಗಡೆ, ಹಿಂದೆ."

ಟೀನೊ ವಲೇಹೋ ಊರಿನವನು, ಸಮೋವಾ ದ್ವೀಪದ ಮನೆತನ, ನನ್ನ ಜೊತೆ ಬಹಳ ಕಾಲ ಕೆಲಸ ಮಾಡಿದ ಡೆಕ್‌ಹ್ಯಾಂಡು. ಅವನು ಅಷ್ಟರಲ್ಲೇ ಹಗ್ಗ ಕಟ್ಟಿದ ತೇಲುವ ರಿಂಗು ಎಸೆದಿದ್ದ. ಬಿದ್ದದ್ದನ್ನು ಕಂಡ ಹೆಂಗಸೊಬ್ಬರಿಗೆ, ಕೈ ಚಾಚಿ ಆ ತಲೆಯನ್ನೇ ತೋರಿಸುತ್ತಿರಿ, ಕಣ್ಣು ಬೇರೆ ಕಡೆ ತಿರುಗಿಸಬೇಡಿ ಎಂದು ಹೇಳಿದ್ದ. ಇದನ್ನು ನೀವು ತಿಂಗಳು ತಿಂಗಳು ಗೊಂಬೆ ಎಸೆದು ಅಭ್ಯಾಸ ಮಾಡುತ್ತೀರಿ. ಬೇಜಾರು ಬರುತ್ತದೆ. ಆದರೂ ಮಾಡಿ. ಅಲೆಯ ನಡುವೆ ಮನುಷ್ಯನ ತಲೆ ತೆಂಗಿನಕಾಯಿಯಷ್ಟೂ ಕಾಣುವುದಿಲ್ಲ.

ನಾನು ದೋಣಿ ತಿರುಗಿಸಿದೆ. ರೇಡಿಯೋದಲ್ಲಿ ಸುತ್ತಲಿನ ಹಡಗುಗಳಿಗೆ ಹೇಳಿದೆ. ಗಾಳಿ ಅವರಿಗೆ ತಾಗದ ಹಾಗೆ ದೋಣಿಯನ್ನು ಅಡ್ಡ ತಂದು, ಎಂಜಿನ್ನನ್ನು ನ್ಯೂಟ್ರಲ್ಲಿಗೆ ಹಾಕಿ, ಮೆಲ್ಲಗೆ ಹತ್ತಿರ ಸರಿದೆ. ಟೀನೊ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಹಿಂದಿನ ತಗ್ಗು ಮೆಟ್ಟಿಲ ಮೇಲೆ ಮಂಡಿಯೂರಿದ್ದ. ನೀರಲ್ಲಿದ್ದವರು ಆ ಕಪ್ಪು ಜಾಕೆಟ್ಟಿನವರೇ. ರಿಂಗು ಅವರ ಕೈಗೆ ಎಟುಕುವಷ್ಟು ಹತ್ತಿರವಿತ್ತು. ಅವರು ಅದನ್ನು ದೂರ ತಳ್ಳಿದರು.

"ಕ್ಯಾಪ್, ಹಿಡೀತಾ ಇಲ್ಲ" ಅಂದ ಟೀನೊ. "ಏನೋ ಹೇಳ್ತಿದ್ದಾರೆ. ಬೇಡಾ, ಬೇಡಾ ಅಂತ. ಅದು ಯಾರದಾದರೂ ಹೆಸರಾ?"

ನನಗೆ ಒಂದು ಕ್ಷಣ ಆ ಮಾತು ಎಲ್ಲಿಂದ ಬಂತೆಂದೇ ಹೊಳೆಯಲಿಲ್ಲ. ಕೊಲ್ಲಿಯ ನಡುವೆ ರೇಡಿಯೋದಲ್ಲಿ ಆ ಮಾತನ್ನು ನಾನು ಯಾವತ್ತೂ ಕೇಳಿರಲಿಲ್ಲ. ಚುಕ್ಕಾಣಿ ಬಿಟ್ಟು ಇಳಿಯುವ ಹಾಗಿರಲಿಲ್ಲ. ಹೊರಗಿನ ಮೈಕು ತೆಗೆದುಕೊಂಡೆ. ಬಾಯಿಗೆ ಬಂದದ್ದು ಮಂಡ್ಯದ ಮಾತು.

"ಏಯ್ ತಮ್ಮಾ, ಇಲ್ಲಿ ಕೇಳು. ಬ್ಯಾಡ ಅಂದ್ರೆ ನಾನು ಬುಟ್ಟು ಹೋಗಾಕಿಲ್ಲ. ಆ ರಿಂಗು ಹಿಡ್ಕೊ."

ಅವರು ತಲೆಯೆತ್ತಿದರು. ಯಾರು ಮಾತಾಡಿದ್ದು ಎಂದು ಹುಡುಕಿದರು.

"ಮ್ಯಾಗಿದ್ದೀನಿ, ಕ್ಯಾಪ್ಟನ್ ನಾನೇಯ. ನೀನು ಹಿಡೀದಿದ್ರೆ ನನ್ನ ಹುಡುಗ ಟೀನೊ ನೀರಿಗಿಳೀತಾನೆ. ಇಳೀಬ್ಯಾಡ ಅಂದ್ರೂ ಕೇಳಾನಲ್ಲ ಅವ್ನು. ಅವನ್ಗೆ ಎಲ್ಡು ಸಣ್ಣ ಮಕ್ಕಳವೆ. ಈ ನೀರ್ನಾಗೆ ಅವನ್ಗೂ ಕೈಕಾಲು ಆಡಾಕಿಲ್ಲ. ಹಿಡ್ಕೊಳಪ್ಪ. ಆಮ್ಯಾಲೆ ಮಾತಾಡಾನ."

ಅವರು ಟೀನೊನ ಕಡೆ ನೋಡಿದರು. ಟೀನೊಗೆ ನಾನು ಏನು ಹೇಳಿದೆನೆಂದು ತಿಳಿಯದು. ಅವನು ಇನ್ನೊಂದು ಮೆಟ್ಟಿಲು ಇಳಿದು, ನೀರಿನಲ್ಲಿ ಮೊಣಕಾಲವರೆಗೆ ನಿಂತು, ಕೈ ಚಾಚಿದ. ಅದನ್ನು ನೋಡಿ ಅವರು ರಿಂಗಿನೊಳಗೆ ತೋಳು ಹಾಕಿದರು. ಬೆರಳು ಮರಗಟ್ಟಿ ಹಿಡಿಯಲಾಗಿರಲಿಲ್ಲ, ತೋಳನ್ನೇ ತೂರಿಸಿದ್ದರು. ಟೀನೊ ಎಳೆದುಕೊಂಡ.

ದಡದಲ್ಲಿ ಆಂಬುಲೆನ್ಸು ಕಾದಿತ್ತು. ದೋಣಿ ಕಟ್ಟಿಸಿ ನಾನು ಇಳಿದು ಬಂದಾಗ ಅವರನ್ನು ಕಂಬಳಿಯಲ್ಲಿ ಸುತ್ತಿ ಮಲಗಿಸಿದ್ದರು. ಪ್ರಯಾಣಿಕರೊಬ್ಬರು ತಮ್ಮ ಕೋಟನ್ನೂ ಹೊದಿಸಿದ್ದರು. ಹಲ್ಲು ಕಟಕಟ ಎನ್ನುತ್ತಿತ್ತು.

"ಯಾವೂರು ನಿಮ್ಮದು?" ಎಂದು ಅವರೇ ಕೇಳಿದರು.

"ಮಂಡ್ಯ."

"ನಾನು ಹಾಸನದ ಕಡೆಯವನು."

ಅಷ್ಟರಲ್ಲಿ ಎತ್ತಿಕೊಂಡು ಹೋದರು. ನೀರಿಗೆ ಹೇಗೆ ಬಿದ್ದರು ಎಂದು ನಾನು ಕೇಳಲಿಲ್ಲ. ಮುಂದೆಯೂ ಕೇಳಲಿಲ್ಲ. ಅದು ಆಸ್ಪತ್ರೆಯವರ, ಮನೆಯವರ ಕೆಲಸ. ನಮ್ಮದು ದಡ ಮುಟ್ಟಿಸುವುದು.

ಮುಂದಿನ ಟ್ರಿಪ್ಪಿಗೆ ಬೇರೆಯವರನ್ನು ಹಾಕಿದರು. ನಾನೂ ಟೀನೊನೂ ಸಿಬ್ಬಂದಿ ಕೋಣೆಯಲ್ಲಿ ಕೂತೆವು. ಅವನು ಒದ್ದೆ ಸಾಕ್ಸು ಬಿಚ್ಚಿ ಹಿಂಡುತ್ತಿದ್ದ. ಮೈಕಿನಲ್ಲಿ ನಾನು ಹೇಳಿದ್ದೇನು ಎಂದು ಕೇಳಿದ. ಹೇಳಿದೆ.

"ನನಗೆ ಮಕ್ಕಳಿಲ್ಲ ಕ್ಯಾಪ್. ಮದುವೆಯೇ ಆಗಿಲ್ಲ" ಅಂದ.

"ಗೊತ್ತು."

"ನೀರಿಗಿಳಿಯೋದಕ್ಕೆ ರೂಲ್ಸು ಬಿಡಲ್ಲ."

"ಅದೂ ಗೊತ್ತು. ಇಳೀತಿದ್ದೆಯಾ?"

ಅವನು ಇನ್ನೊಂದು ಸಾಕ್ಸು ಹಿಂಡಿದ. "ಕೇಳಬೇಡ" ಅಂದ. ಆಮೇಲೆ ಇಬ್ಬರಿಗೂ ನಗು ಬಂತು. ನಗುತ್ತ ನಗುತ್ತಲೇ ನನಗೆ ಕಣ್ಣೀರು ಬಂತು, ಅವನು ನೋಡದವನ ಹಾಗೆ ಕಿಟಕಿಯ ಕಡೆ ತಿರುಗಿದ.

ನಿಮಗೂ ಇಂಥ ದಿನ ಬರಬಹುದು, ಬಾರದೆಯೂ ಇರಬಹುದು. ಬಂದರೆ ಆ ರಾತ್ರಿ ಒಬ್ಬರೇ ಇರಬೇಡಿ. ನಾನು ಮನೆಗೆ ಹೋಗಿ ಯಜಮಾನರಿಗೆ ಎಲ್ಲ ಹೇಳಿದೆ. ಅವರು ಅನ್ನ ಬಸಿದು, ಬೇಳೆ ಸಾರು ಮಾಡಿ ಬಡಿಸಿದರು. ಮಾರನೆಯ ದಿನ ಸಂಸ್ಥೆಯವರು ಮಾತಾಡಿಸಲು ಒಬ್ಬ ಕೌನ್ಸೆಲರನ್ನು ಕಳಿಸಿದರು. ಒಲ್ಲೆ ಎನ್ನಬೇಕು ಎಂದುಕೊಂಡಿದ್ದೆ, ಹೋಗಿ ಕೂತೆ, ಒಳ್ಳೆಯದಾಯಿತು.

ಈಗ ನಾನು ನಿವೃತ್ತಳು. ಆ ಪಿಕ್ನಿಕ್ಕಿನ ಮುಂದಿನ ಭಾನುವಾರ ಲಿವರ್‌ಮೋರಿನ ದೇವಸ್ಥಾನಕ್ಕೆ ಹೋಗಿದ್ದೆವು. ಪ್ರಸಾದದ ಸಾಲಿನಲ್ಲಿ ತಟ್ಟೆ ಹಿಡಿದು ಮುಂದೆ ಬಂದಾಗ, ಪುಳಿಯೋಗರೆ ಬಡಿಸುತ್ತಿದ್ದವರು ಅವರೇ. ಮುಖ ತುಂಬಿಕೊಂಡಿತ್ತು. ನನ್ನನ್ನು ಯೂನಿಫಾರಂ ಇಲ್ಲದೆ ಗುರುತು ಹಿಡಿಯಲಾರರು ಎಂದುಕೊಂಡೆ.

"ಅಕ್ಕಾ" ಅಂದರು.

ಪಕ್ಕದಲ್ಲಿ ಮೊಸರನ್ನ ಬಡಿಸುತ್ತಿದ್ದ ಅವರ ಹೆಂಡತಿ ಸೌಟು ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡರು. ಸಾಲು ನಿಂತಿತು, ಹಿಂದಿನವರು ಇಣುಕಿದರು, ಆಕೆ ಕೈ ಬಿಟ್ಟು ಮತ್ತೆ ಸೌಟು ಎತ್ತಿಕೊಂಡರು.

ಊಟ ಮುಗಿಯುವ ಹೊತ್ತಿಗೆ ಅವರು ನಾವು ಕೂತಲ್ಲಿಗೆ ಪಾತ್ರೆ ಹಿಡಿದುಕೊಂಡು ಬಂದರು. ಬೇರೆ ಕೆಲಸ ಸಿಕ್ಕಿದೆ ಎಂದರು. ಮಗಳು ಹೈಸ್ಕೂಲಿಗೆ ಹೋಗುತ್ತಿದ್ದಾಳೆ ಎಂದರು. ನಾನು ಈ ಬರವಣಿಗೆಯ ಮಾತು ತೆಗೆದೆ. ಬರೀರಿ, ಹೆಸರು ಮಾತ್ರ ಹಾಕಬೇಡಿ ಎಂದರು. ಆಮೇಲೆ ಕೇಳಿದರು, "ಆ ಟೀನೊ ಅವರ ಮಕ್ಕಳು ಹೇಗಿದಾರೆ ಅಕ್ಕ? ಎಷ್ಟು ದೊಡ್ಡವರಾದ್ರು?"

ನಮ್ಮ ಯಜಮಾನರು ನನ್ನ ಮುಖ ನೋಡಿದರು. ಚೆನ್ನಾಗಿದಾರೆ ಎಂದುಬಿಡಬಹುದಿತ್ತು. ದೇವಸ್ಥಾನದಲ್ಲಿ ಕೂತಿದ್ದೆ, ಮನಸ್ಸು ಬರಲಿಲ್ಲ.

"ಅವನಿಗೆ ಮಕ್ಕಳಿಲ್ಲ ಕಣಪ್ಪ" ಅಂದೆ. "ಆವತ್ತೂ ಇರಲಿಲ್ಲ."

ಅವರು ಪಾತ್ರೆಯೊಳಗೆ ಸೌಟು ಆಡಿಸುತ್ತ ನಿಂತರು. ಬೇಜಾರಾಯಿತೋ ಏನೋ ಎಂದು ನಾನು ಮುಖ ನೋಡಿದೆ.

"ಆವತ್ತು ಇದ್ರು ಬಿಡಿ ಅಕ್ಕ" ಅಂದರು. ನನ್ನ ತಟ್ಟೆಗೆ ಇನ್ನೊಂದು ಸೌಟು ಪುಳಿಯೋಗರೆ ಹಾಕಿ, ಪಕ್ಕದ ಸಾಲಿಗೆ ಬಡಿಸಲು ಹೋದರು.